ನಾಯಿಗಳ ಹೆಸರಲ್ಲಿ ಪುಸ್ತಕ: ಯಾವ ಮಾರಾಟ ಸೇವೆಯಿಂದ ಶೆಲ್ಟರ್‌ಗೆ ಎಷ್ಟು ಸೇರುತ್ತದೆ?

‘ಈ ಪುಸ್ತಕದ ರಾಯಲ್ಟಿ ಪೂರ್ತಿ ಶೆಲ್ಟರ್ ನಾಯಿಗಳಿಗೆ’ ಎಂಬ ಸಾಲು ಬೆನ್ನುಪುಟದಲ್ಲಿ ಕಂಡರೆ, ತಾವು ಕೊಟ್ಟ ದುಡ್ಡಿನ ಬಹುಪಾಲು ನಾಯಿಗೆ ಹೋಗುತ್ತದೆ ಎಂದೇ ಓದುಗರು ಅಂದುಕೊಳ್ಳುತ್ತಾರೆ. ಲೆಕ್ಕ ಹಾಗಿಲ್ಲ. 12.99 ಡಾಲರ್ ಮುಖಬೆಲೆಯ ಅದೇ ಪುಸ್ತಕ ಒಂದು ದಾರಿಯಲ್ಲಿ ಮಾರಾಟವಾದರೆ ಉಳಿಯುವುದು 1.80 ಡಾಲರ್, ಇನ್ನೊಂದು ದಾರಿಯಲ್ಲಿ ಎಂಟೂವರೆ ಡಾಲರ್. ಲೇಖಕರ ಮನಸ್ಸು ಎರಡರಲ್ಲೂ ಒಂದೇ. ಬೇರೆಯಾಗುವುದು ಮಾರಿಕೊಡುವವರ ಪಾಲು.

ಲೇಖಕರು ತಮ್ಮ ಪುಸ್ತಕವನ್ನು ತಾವೇ ಪ್ರಕಟಿಸಿ ಮಾರಲು ನೆರವಾಗುವ ಐದು ಸೇವೆಗಳನ್ನು ಇಲ್ಲಿ ತೂಗಿ ನೋಡಿದ್ದೇವೆ: ಅಮೆಜಾನ್‌ನ ಕೆಡಿಪಿ (ಕಿಂಡಲ್ ಡೈರೆಕ್ಟ್ ಪಬ್ಲಿಷಿಂಗ್), ಇನ್‌ಗ್ರಾಮ್‌ಸ್ಪಾರ್ಕ್, ಡ್ರಾಫ್ಟ್‌ಟುಡಿಜಿಟಲ್, ಪೇಹಿಪ್ ಮತ್ತು ಗಮ್‌ರೋಡ್. ಇವುಗಳ ಜೊತೆಗೆ ಯಾವ ಕಂಪನಿಯ ಹಂಗೂ ಇಲ್ಲದ ಇನ್ನೊಂದು ದಾರಿ, ಶೆಲ್ಟರ್‌ನ ದತ್ತು ಕೌಂಟರ್. ಅಳತೆ ಒಂದೇ: ಒಂದು ಪ್ರತಿ ಮಾರಾಟವಾದರೆ ನಾಯಿಯ ಪಾಲಿಗೆ ಎಷ್ಟು, ಮತ್ತು ಯಾವಾಗ. ಮಾದರಿಗೆ 200 ಪುಟದ, ಒಳಪುಟಗಳು ಕಪ್ಪು ಮಸಿಯಲ್ಲಿರುವ ಪೇಪರ್‌ಬ್ಯಾಕ್ ಒಂದನ್ನು 12.99 ಡಾಲರಿಗೆ, ಅದರ ಇ-ಪುಸ್ತಕವನ್ನು 4.99 ಡಾಲರಿಗೆ ಇಟ್ಟುಕೊಳ್ಳೋಣ. ದರಗಳೆಲ್ಲ ಈ ಸೇವೆಗಳು ತಮ್ಮ ಅಮೆರಿಕದ ಮಾರುಕಟ್ಟೆಗೆ ಪ್ರಕಟಿಸಿರುವಂಥವು. ಬೇರೆ ದೇಶದ ಮಳಿಗೆಯಲ್ಲಿ ಅಂಕಿ ಬದಲಾಗುತ್ತದೆ, ಲೆಕ್ಕದ ರೀತಿ ಬದಲಾಗುವುದಿಲ್ಲ.

ಕೆಡಿಪಿ: ಮುದ್ರಿತ ಪ್ರತಿ

ಹೆಚ್ಚಿನವರು ಶುರು ಮಾಡುವುದು ಇಲ್ಲಿಂದಲೇ. ಅದರಲ್ಲಿ ತಪ್ಪಿಲ್ಲ. ಮುಂಗಡ ಹಣ ಬೇಡ, ಗೋದಾಮು ಬೇಡ, ಆರ್ಡರ್ ಬಂದಷ್ಟೇ ಪ್ರತಿ ಮುದ್ರಣವಾಗುತ್ತದೆ. ರಾಯಲ್ಟಿ ಮುಖಬೆಲೆಯ ಶೇ. 60, ಅದರಲ್ಲಿ ಮುದ್ರಣ ವೆಚ್ಚ ಕಳೆಯಬೇಕು. ನಮ್ಮ ಮಾದರಿ ಪುಸ್ತಕಕ್ಕೆ ಮುದ್ರಣ ವೆಚ್ಚ 1 ಡಾಲರ್ ಸ್ಥಿರ ಶುಲ್ಕ, ಜೊತೆಗೆ ಪುಟಕ್ಕೆ 1.2 ಸೆಂಟ್, ಒಟ್ಟು 3.40 ಡಾಲರ್. 12.99ರ ಶೇ. 60 ಎಂದರೆ 7.79. ಮುದ್ರಣ ಕಳೆದರೆ ಕೈಗೆ ಬರುವುದು 4.39 ಡಾಲರ್.

ಬೆಲೆ ಇಳಿಸುವವರು ಎಡವುವ ಜಾಗ ಒಂದಿದೆ. 2025ರ ಜೂನ್‌ನಿಂದ 9.99 ಡಾಲರಿಗಿಂತ ಕಡಿಮೆ ಬೆಲೆಯ ಪೇಪರ್‌ಬ್ಯಾಕ್‌ಗೆ ಕೆಡಿಪಿ ಕೊಡುವುದು ಶೇ. 50 ಮಾತ್ರ. ಅಂದರೆ 9.99ಕ್ಕೆ ಮಾರಿದರೆ 2.59 ಉಳಿಯುತ್ತದೆ, 9.98ಕ್ಕೆ ಮಾರಿದರೆ 1.59. ಓದುಗರಿಗೆ ಒಂದು ಸೆಂಟ್ ಉಳಿಸಲು ಹೋಗಿ ನಾಯಿಯ ಒಂದು ಡಾಲರ್ ಕಳೆದಂತಾಯಿತು. ‘ದಾನದ ಪುಸ್ತಕ ಅಗ್ಗವಾಗಿದ್ದರೆ ಹೆಚ್ಚು ಹೋಗುತ್ತದೆ’ ಎಂಬ ಲೆಕ್ಕಾಚಾರದಲ್ಲಿ 7.99 ಇಟ್ಟರಂತೂ 60 ಸೆಂಟ್ ಉಳಿಯುತ್ತದೆ. 12.99ಕ್ಕೆ ಒಂದು ಪ್ರತಿಯಿಂದ ಬರುವುದನ್ನು ಗಳಿಸಲು 7.99ಕ್ಕೆ ಏಳು ಪ್ರತಿಗಿಂತ ಹೆಚ್ಚು ಮಾರಬೇಕು. ನಾಯಿಗಾಗಿ ಎಂದು ಕೊಳ್ಳುವ ಓದುಗರು ಎರಡು ಮೂರು ಡಾಲರ್ ಹೆಚ್ಚಾಯಿತೆಂದು ಹಿಂದೆ ಸರಿಯುವವರಲ್ಲ. ಬೆಲೆ ಇಳಿಸಬೇಡಿ.

ಕೆಡಿಪಿಯ ‘ಎಕ್ಸ್‌ಪ್ಯಾಂಡೆಡ್ ಡಿಸ್ಟ್ರಿಬ್ಯೂಷನ್’ ಆಯ್ಕೆಗೆ ಗುರುತು ಹಾಕಿದರೆ ಪುಸ್ತಕ ಬೇರೆ ಅಂಗಡಿಗಳಿಗೂ ಗ್ರಂಥಾಲಯಗಳಿಗೂ ಸಿಗುತ್ತದೆ. ಅಲ್ಲಿ ದರ ಶೇ. 40. 12.99ರಲ್ಲಿ ಮುದ್ರಣ ಕಳೆದು ಉಳಿಯುವುದು ಮೊದಲೇ ಹೇಳಿದ ಆ 1.80 ಡಾಲರ್. ಗುರುತು ಹಾಕುವುದು ಬಿಡುವುದು ಲೇಖಕರಿಗೆ ಬಿಟ್ಟದ್ದು. ಆದರೆ ‘ಪ್ರತಿಯೊಂದಕ್ಕೂ 3 ಡಾಲರ್ ನಾಯಿಗಳಿಗೆ’ ಎಂದು ಬೆನ್ನುಪುಟದಲ್ಲಿ ಅಚ್ಚು ಹಾಕಿಸಿ, ಇಲ್ಲಿ ಗುರುತು ಹಾಕಿದ್ದು ಮರೆತರೆ, ಆ ದಾರಿಯ ಪ್ರತಿ ಮಾರಾಟಕ್ಕೂ 1.20 ಡಾಲರ್ ಕೈಯಿಂದ ಕಟ್ಟಬೇಕಾಗುತ್ತದೆ.

ಬಣ್ಣದ ಒಳಪುಟಗಳ ಮಾತು ಬಂದಾಗ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ನಾಯಿಗಳ ಪುಸ್ತಕ ಎಂದ ಮೇಲೆ ಚಿತ್ರ ಬೇಕೇ ಬೇಕು ಅನ್ನಿಸುವುದು ಸಹಜ. ಆದರೆ ಬಣ್ಣದ ಮುದ್ರಣಕ್ಕೆ ಪುಟದ ದರ ಕಪ್ಪು ಮಸಿಗಿಂತ ಹೆಚ್ಚು, ಉತ್ತಮ ದರ್ಜೆಯ ಬಣ್ಣವಾದರೆ ಹಲವು ಪಟ್ಟು. ಅದೂ ಸಾಲದೆಂಬಂತೆ, ಒಂದೇ ಒಂದು ಬಣ್ಣದ ಚಿತ್ರ ಸೇರಿಸಿದರೂ ಪುಸ್ತಕದ ಅಷ್ಟೂ ಪುಟಗಳಿಗೆ ಬಣ್ಣದ ದರ ಬೀಳುತ್ತದೆ. 200 ಪುಟದ ಬರಹಕ್ಕೆ ಎಂಟು ಬಣ್ಣದ ಚಿತ್ರ ಎಂದರೆ ಮೂಗಿಗಿಂತ ಮೂಗುತಿ ಭಾರ. ಮುಖಪುಟ ಹೇಗಿದ್ದರೂ ಬಣ್ಣದಲ್ಲೇ ಬರುತ್ತದೆ, ಅದಕ್ಕೆ ಬೇರೆ ದುಡ್ಡಿಲ್ಲ. ಒಳ್ಳೆಯ ಚಿತ್ರವನ್ನು ಅಲ್ಲಿ ಹಾಕಿ, ಒಳಗೆ ಕಪ್ಪು-ಬಿಳುಪು ಸಾಕು. ಕಪ್ಪು ನಾಯಿಗಳ ಚಿತ್ರ ಮಾತ್ರ ಜೋಪಾನ. ಕೆನೆ ಬಣ್ಣದ ಕಾಗದದ ಮೇಲೆ ಅವು ಕಣ್ಣು ಮೂಗು ಕಾಣದ ಮಸಿಮುದ್ದೆಯಾಗುತ್ತವೆ. ನೆರಳಿನ ಭಾಗವನ್ನು ತಿಳಿಗೊಳಿಸಿ, ಹಿನ್ನೆಲೆ ಬೆಳಕಾಗಿರುವ ಚಿತ್ರ ಆರಿಸಿ, ಒಂದು ಮಾದರಿ ಪ್ರತಿ ತರಿಸಿ ನೋಡಿಯೇ ಮುಂದುವರಿಯಿರಿ. ಕೊರಳಪಟ್ಟಿಯ ಬಿಲ್ಲೆಯ ಮೇಲಿರುವ ಫೋನ್ ಸಂಖ್ಯೆಯನ್ನೂ ಅಳಿಸಬೇಕು. ಇದನ್ನು ಬಹಳ ಜನ ಗಮನಿಸುವುದಿಲ್ಲ.

ಕೆಡಿಪಿ: ಇ-ಪುಸ್ತಕ

2.99ರಿಂದ 9.99 ಡಾಲರ್‌ವರೆಗಿನ ಬೆಲೆಗೆ ಶೇ. 70 ರಾಯಲ್ಟಿ, ಅದರಾಚೆ ಈಚೆ ಶೇ. 35. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ಕೈಸುಡುವುದು ರವಾನೆ ಶುಲ್ಕ. ಶೇ. 70ರ ಆಯ್ಕೆಯಲ್ಲಿ ಫೈಲ್‌ನ ಒಂದೊಂದು ಎಂಬಿಗೆ 15 ಸೆಂಟ್ ಮುರಿದುಕೊಂಡು, ಉಳಿದದ್ದರ ಮೇಲೆ ಶೇ. 70 ಲೆಕ್ಕ ಹಾಕುತ್ತಾರೆ. ಬರೀ ಬರಹವಿರುವ ಕಾದಂಬರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ನಾಯಿಗಳ ಚಿತ್ರ ತುಂಬಿದ ಪುಸ್ತಕಕ್ಕೆ ದೊಡ್ಡ ಹೊಡೆತ.

ಒಂದೊಂದು 300 ಕೆಬಿಯ 40 ಚಿತ್ರ ಹಾಕಿದರೆ ಫೈಲ್ 12 ಎಂಬಿ ಆಯಿತು, ರವಾನೆಗೆ 1.80 ಡಾಲರ್ ಹೋಯಿತು. 4.99ರ ಪುಸ್ತಕದಲ್ಲಿ ಕೈಗೆ ಬರುವುದು 2.23. ಅದೇ 12 ಚಿತ್ರಕ್ಕೆ ಇಳಿಸಿದರೆ 3.6 ಎಂಬಿ, ಕೈಗೆ 3.12. ಫೈಲ್ 20 ಎಂಬಿ ದಾಟಿದರೆ ತಮಾಷೆ ನೋಡಿ: ಶೇ. 70ರಲ್ಲಿ 1.39 ಬರುತ್ತದೆ, ರವಾನೆ ಶುಲ್ಕವೇ ಇಲ್ಲದ ಶೇ. 35ರಲ್ಲಿ 1.75! 4.99ರ ಬೆಲೆಗೆ ಸುಮಾರು 16.6 ಎಂಬಿ ಗಡಿ. ಅದನ್ನು ದಾಟಿದ ಪುಸ್ತಕಕ್ಕೆ ಕಡಿಮೆ ಶೇಕಡಾವಾರಿನ ಆಯ್ಕೆಯೇ ಲಾಭ. ಚಿತ್ರದ ಉದ್ದನೆಯ ಬದಿ 1,600 ಪಿಕ್ಸೆಲ್, ಜೆಪೆಗ್ ಗುಣಮಟ್ಟ 70ರಿಂದ 80ರೊಳಗೆ ಇಟ್ಟರೆ ಓದುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ನೀವು ಏರಿಸಿದ ಫೈಲ್‌ನ ತೂಕ ನೋಡಿ ಲೆಕ್ಕ ಹಾಕಬೇಡಿ. ಕೆಡಿಪಿ ತನ್ನ ರೂಪಕ್ಕೆ ಬದಲಿಸಿದ ಮೇಲಿನ ಗಾತ್ರಕ್ಕೆ ಶುಲ್ಕ ಬೀಳುತ್ತದೆ, ಬೆಲೆ ನಮೂದಿಸುವ ಪುಟದಲ್ಲೇ ಅದನ್ನು ತೋರಿಸುತ್ತದೆ.

ಕೆಡಿಪಿ ಸೆಲೆಕ್ಟ್‌ಗೆ ಸೇರಿಸಬೇಕೆ? ದಾನದ ಪುಸ್ತಕಕ್ಕೆ ಬೇಡ ಅನ್ನುವುದು ನಮ್ಮ ನಿಲುವು. ಸೇರಿದರೆ 90 ದಿನ ಇ-ಪುಸ್ತಕವನ್ನು ಬೇರೆಲ್ಲೂ ಮಾರುವಂತಿಲ್ಲ, ಪುಕ್ಕಟೆ ಹಂಚುವಂತೆಯೂ ಇಲ್ಲ. ‘ನಾಯಿ ದತ್ತು ಪಡೆದವರಿಗೆ ಇ-ಪುಸ್ತಕ ಉಡುಗೊರೆ’ ಎಂದು ಶೆಲ್ಟರ್ ಘೋಷಿಸಿದರೆ ನಿಯಮ ಮುರಿದಂತೆ. ಸೇರಿದ ಪುಸ್ತಕ ಕಿಂಡಲ್ ಅನ್‌ಲಿಮಿಟೆಡ್ ಎಂಬ ಚಂದಾ ಸೇವೆಯಲ್ಲಿ ಸಿಗುತ್ತದೆ ನಿಜ, ಆದರೆ ಅಲ್ಲಿ ಓದಿದ ಪುಟಕ್ಕೆ ಸಿಗುವುದು ಅರ್ಧ ಸೆಂಟ್‌ಗಿಂತ ಕಡಿಮೆ. 200 ಪುಟ ಪೂರ್ತಿ ಓದಿದರೂ ಒಂದು ಡಾಲರ್ ಆಗುವುದಿಲ್ಲ. ಸರಣಿ ಕಾದಂಬರಿ ಬರೆಯುವವರಿಗೆ ಇದರ ಲೆಕ್ಕಾಚಾರ ಬೇರೆ. ಒಂದೇ ಪುಸ್ತಕ, ಒಂದೇ ಶೆಲ್ಟರ್ ಇರುವವರಿಗೆ ಅಲ್ಲ.

ಇನ್ನೊಂದು ವಿಷಯ. ಅಮೆಜಾನ್‌ಸ್ಮೈಲ್ ಮೂಲಕ ಕೊಂಡರೆ ಶೆಲ್ಟರ್‌ಗೆ ಹೆಚ್ಚುವರಿ ಪಾಲು ಸಿಗುತ್ತದೆ ಎಂಬ ಸೂಚನೆ ಹಳೆಯ ಪುಸ್ತಕಗಳ ಕೊನೆಯಲ್ಲಿ ಕಂಡರೆ ನಂಬಬೇಡಿ. ಖರೀದಿಯ ಶೇ. 0.5ನ್ನು ಸಂಸ್ಥೆಗಳಿಗೆ ಕೊಡುತ್ತಿದ್ದ ಆ ಯೋಜನೆಯನ್ನು ಅಮೆಜಾನ್ 2023ರ ಫೆಬ್ರುವರಿ 20ಕ್ಕೆ ನಿಲ್ಲಿಸಿತು.

ಇನ್‌ಗ್ರಾಮ್‌ಸ್ಪಾರ್ಕ್

ಪುಸ್ತಕದಂಗಡಿಯ ಕಪಾಟಿನಲ್ಲಿ ತಮ್ಮ ಪುಸ್ತಕ ಕಾಣಬೇಕೆಂಬ ಆಸೆಯಿದ್ದವರು ಇತ್ತ ಬರುತ್ತಾರೆ. ಅಂಗಡಿಯವರು ಒಪ್ಪಬೇಕಾದರೆ ರೂಢಿಯಂತೆ ಶೇ. 55 ಸಗಟು ರಿಯಾಯಿತಿ, ಜೊತೆಗೆ ಮಾರಾಟವಾಗದ ಪ್ರತಿ ವಾಪಸು ಪಡೆಯುವ ಒಪ್ಪಿಗೆ, ಎರಡೂ ಬೇಕು. 12.99ರಲ್ಲಿ ಶೇ. 55 ಹೋದರೆ 5.85. ಅದರಲ್ಲೇ ಮುದ್ರಣ ವೆಚ್ಚ. ಉಳಿದದ್ದು ಸಣ್ಣ ಮೊತ್ತ.

ಸಣ್ಣ ಮೊತ್ತವಾದರೂ ಪರವಾಗಿಲ್ಲ, ವಾಪಸಾತಿ ನಿಜವಾದ ಅಪಾಯ. ಅಂಗಡಿ ಹತ್ತು ಪ್ರತಿ ತರಿಸಿದಾಗ ನಿಮ್ಮ ಖಾತೆಯಲ್ಲಿ ಹತ್ತು ಪ್ರತಿಯ ಗಳಿಕೆ ಕಾಣುತ್ತದೆ. ನೀವು ಅದನ್ನು ಶೆಲ್ಟರ್‌ಗೆ ಕಳಿಸುತ್ತೀರಿ. ತಿಂಗಳುಗಳು ಕಳೆದ ಮೇಲೆ ಎಂಟು ಪ್ರತಿ ವಾಪಸು ಬರುತ್ತವೆ. ಆಗ ನಿಮ್ಮಿಂದ ಮುರಿದುಕೊಳ್ಳುವುದು ಗಳಿಕೆಯನ್ನಷ್ಟೇ ಅಲ್ಲ, ಪ್ರತಿಗೆ 5.85ರ ಪೂರ್ತಿ ಸಗಟು ಬೆಲೆಯನ್ನು. ಅಂದರೆ ಮುದ್ರಣದ ಖರ್ಚೂ ನಿಮ್ಮ ತಲೆಗೆ. ನಾಯಿಯ ಚಿಕಿತ್ಸೆಗೆ ಖರ್ಚಾದ ದುಡ್ಡನ್ನು ವಾಪಸು ಕೇಳಲಾದೀತೆ? ವಾಪಸಾತಿಗೆ ಒಪ್ಪಲೇಬೇಕಾದರೆ ಆ ದಾರಿಯ ಗಳಿಕೆಯನ್ನು ಕನಿಷ್ಠ ಆರು ತಿಂಗಳು ಬೇರೆಯಾಗಿಟ್ಟು, ನಂತರ ದಾನ ಮಾಡುವುದು ಕ್ಷೇಮ. ವಾಪಸಾತಿ ಬೇಡ ಎಂದು ಗುರುತಿಸಿದರೆ ಅಂಗಡಿಗಳು ಬಹುಮಟ್ಟಿಗೆ ತರಿಸುವುದಿಲ್ಲ, ಆದರೆ ಗ್ರಾಹಕರು ಕೇಳಿದಾಗ ತರಿಸಿಕೊಡುತ್ತಾರೆ. ಈ ಕೆಲಸಕ್ಕೆ ಅಷ್ಟು ಸಾಕು.

ಡ್ರಾಫ್ಟ್‌ಟುಡಿಜಿಟಲ್, ಪೇಹಿಪ್, ಗಮ್‌ರೋಡ್

ಇ-ಪುಸ್ತಕವನ್ನು ಹಲವು ಅಂಗಡಿಗಳಿಗೆ ತಲುಪಿಸುವ ಡ್ರಾಫ್ಟ್‌ಟುಡಿಜಿಟಲ್‌ನಲ್ಲಿ ಒಂದು ಅನುಕೂಲವಿದೆ. ರಾಯಲ್ಟಿಯನ್ನು ಸಹಲೇಖಕರ ನಡುವೆ ಹಂಚಲೆಂದು ಮಾಡಿದ ಪಾವತಿ ವಿಭಜನೆ ಅದು. ಪಾಲುದಾರರಿಗೆ ಅಲ್ಲಿ ಖಾತೆ ಇದ್ದರೆ ಅವರ ಶೇಕಡಾವಾರು ನೇರ ಅವರಿಗೇ ಹೋಗುತ್ತದೆ. ಶೆಲ್ಟರ್ ತನ್ನ ಹೆಸರಲ್ಲಿ ಖಾತೆ ತೆರೆಯಲು ಒಪ್ಪಿದರೆ ಹಣ ಲೇಖಕರ ಕೈಮುಟ್ಟುವುದೇ ಇಲ್ಲ. ‘ನಿಜವಾಗಿ ಕೊಟ್ಟಿರಾ?’ ಎಂಬ ಪ್ರಶ್ನೆಗೆ ಇದಕ್ಕಿಂತ ಚೊಕ್ಕ ಉತ್ತರವಿಲ್ಲ. ತೆರಿಗೆಯ ದೃಷ್ಟಿಯಿಂದ ಇದು ಶೆಲ್ಟರ್‌ನ ವರಮಾನವಾಗುತ್ತದೆ, ಹಾಗಾಗಿ ಅವರ ಲೆಕ್ಕಿಗರನ್ನು ಮೊದಲೇ ಕೇಳಿಸಿ.

ನೇರ ಮಾರಾಟಕ್ಕೆ ಪೇಹಿಪ್‌ನ ಉಚಿತ ಯೋಜನೆ ಶೇ. 5 ತೆಗೆದುಕೊಳ್ಳುತ್ತದೆ. ಕಾರ್ಡ್ ಪಾವತಿಗೆ ಶೇ. 2.9 ಮತ್ತು 30 ಸೆಂಟ್ ಎಂದಿಟ್ಟುಕೊಂಡರೆ 4.99ರ ಇ-ಪುಸ್ತಕದಲ್ಲಿ 4.30 ಉಳಿಯುತ್ತದೆ. ಫೈಲ್ ಎಷ್ಟು ಎಂಬಿ ಇದ್ದರೂ ಅಷ್ಟೇ. ಕೆಡಿಪಿಯಲ್ಲಿ 2.23 ತರುತ್ತಿದ್ದ 40 ಚಿತ್ರದ ಪುಸ್ತಕ ಇಲ್ಲಿ ಹೆಚ್ಚೂಕಡಿಮೆ ದುಪ್ಪಟ್ಟು ತರುತ್ತದೆ. ಚಿತ್ರಗಳಿರುವ ಇ-ಪುಸ್ತಕಕ್ಕೆ ನಮ್ಮ ಮೊದಲ ಆಯ್ಕೆ ಇದೇ. ಗಮ್‌ರೋಡ್ ಶೇ. 10ರ ಜೊತೆಗೆ 50 ಸೆಂಟ್ ತೆಗೆದುಕೊಳ್ಳುವುದರಿಂದ 4.99ಕ್ಕೆ ಒಂದು ಡಾಲರ್ ಅಲ್ಲೇ ಹೋಯಿತು. ಗ್ರಾಹಕರು ಅವರ ಡಿಸ್ಕವರ್ ವಿಭಾಗದಿಂದ ಬಂದಿದ್ದರೆ ಶೇ. 30. ಸಣ್ಣ ಬೆಲೆಗೆ ಗಮ್‌ರೋಡ್ ದುಬಾರಿ. ಆದರೆ ‘ಇಷ್ಟಕ್ಕೆ ಕಡಿಮೆಯಿಲ್ಲ, ಹೆಚ್ಚು ಕೊಟ್ಟರೆ ಸಂತೋಷ’ ಎಂಬ ಬೆಲೆ ವ್ಯವಸ್ಥೆ ಅಲ್ಲಿ ಸುಲಭ. ದಾನಕ್ಕಾಗಿ ಕೊಳ್ಳುವವರು ಅದನ್ನು ಬಳಸುತ್ತಾರೆ ಕೂಡ. ಇವೆರಡರ ಕೊರತೆಯೂ ಒಂದೇ: ಓದುಗರನ್ನು ನೀವೇ ಕರೆತರಬೇಕು. ದಾರಿಹೋಕರು ಇಲ್ಲಿ ಬರುವುದಿಲ್ಲ.

ದತ್ತು ಕೌಂಟರ್

ಇದನ್ನು ಸೇವೆ ಎಂದು ಯಾರೂ ಕರೆಯುವುದಿಲ್ಲ, ಆದರೆ ನಮ್ಮ ಪಟ್ಟಿಯಲ್ಲಿ ಮೊದಲ ಸ್ಥಾನ ಇದಕ್ಕೇ. ಕೆಡಿಪಿಯಲ್ಲಿ ಲೇಖಕರ ಪ್ರತಿಗಳನ್ನು ಮುದ್ರಣ ವೆಚ್ಚಕ್ಕೇ ತರಿಸಬಹುದು, ಜೊತೆಗೆ ಸಾಗಣೆ. ಅಂದರೆ 3.40. ಐವತ್ತರ ಪೆಟ್ಟಿಗೆಯಲ್ಲಿ ಪ್ರತಿಗೆ 1 ಡಾಲರ್ ಸಾಗಣೆ ಬಿತ್ತು ಎಂದುಕೊಂಡರೂ, 12.99ಕ್ಕೆ ಮಾರಿದಾಗ 8.59 ಶೆಲ್ಟರ್‌ನಲ್ಲೇ ಉಳಿಯುತ್ತದೆ. ಅಮೆಜಾನ್ ಮಾರಾಟದ ದುಪ್ಪಟ್ಟು, ಅದೂ ಅದೇ ದಿನ ನಗದಾಗಿ.

ಎರಡು ರೀತಿಯಲ್ಲಿ ಮಾಡಬಹುದು. ಲೇಖಕರು ಪ್ರತಿಗಳನ್ನು ಶೆಲ್ಟರ್‌ಗೆ ದಾನವಾಗಿ ಕೊಟ್ಟು, ಮಾರಾಟದ ಹಣ ಪೂರ್ತಿ ಅವರದೇ ಆಗುವಂತೆ ಮಾಡುವುದು ಒಂದು. ಶೆಲ್ಟರ್ ಮಾರಿದ ಮೇಲೆ ಮುದ್ರಣದ ಖರ್ಚನ್ನಷ್ಟೇ ಲೇಖಕರಿಗೆ ಹಿಂತಿರುಗಿಸುವುದು ಇನ್ನೊಂದು. ಎರಡನೆಯದರಲ್ಲಿ ಲೇಖಕರ ಹಣ ತಿರುಗಿ ಬರುವುದರಿಂದ ಮುಂದಿನ ಪೆಟ್ಟಿಗೆ ತರಿಸಲು ಆಗುತ್ತದೆ, ವ್ಯವಸ್ಥೆ ನಿಲ್ಲದೆ ನಡೆಯುತ್ತದೆ. ನಮಗೆ ಅದೇ ಸರಿ ಎನಿಸುತ್ತದೆ. ಮಾರಾಟ ತೆರಿಗೆ ಯಾರು ಕಟ್ಟಬೇಕು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಹತ್ತು ಪ್ರತಿಗಿಂತ ಹೆಚ್ಚು ಕೌಂಟರ್‌ನಲ್ಲಿ ಇಡಬೇಡಿ. ಶೆಲ್ಟರ್‌ನ ಹವೆಯಲ್ಲಿ ತೇವ, ಕೂದಲು, ಸೋಂಕುನಿವಾರಕದ ವಾಸನೆ ಎಲ್ಲವೂ ಇರುತ್ತವೆ. ಪುಸ್ತಕ ಬೇಗ ಹಳತಾಗಿ ಕಾಣುತ್ತದೆ. ಉಳಿದವನ್ನು ಮುಚ್ಚಿದ ಪ್ಲಾಸ್ಟಿಕ್ ಡಬ್ಬದಲ್ಲಿ, ನೆಲದಿಂದ ಮೇಲೆ ಇಡಿ.

ಯಾವಾಗ ಬರುತ್ತದೆ?

ಕೆಡಿಪಿ ತಿಂಗಳು ಮುಗಿದು ಸುಮಾರು 60 ದಿನಕ್ಕೆ ಪಾವತಿ ಮಾಡುತ್ತದೆ. ಜನವರಿಯ ಮಾರಾಟ ಮಾರ್ಚ್ ಕೊನೆಗೆ. ಅಮೆರಿಕದ ಹೊರಗಿನ ಲೇಖಕರು ತೆರಿಗೆ ಪ್ರಶ್ನಾವಳಿಯನ್ನು ಸರಿಯಾಗಿ ತುಂಬದಿದ್ದರೆ, ಅಥವಾ ಅವರ ದೇಶದೊಂದಿಗೆ ತೆರಿಗೆ ಒಪ್ಪಂದ ಇಲ್ಲದಿದ್ದರೆ, ಅಮೆರಿಕದ ಮಾರಾಟದ ರಾಯಲ್ಟಿಯಲ್ಲಿ ಶೇ. 30 ಅಲ್ಲೇ ಕಡಿತ. ಮೇಲೆ ಹೇಳಿದ 4.39 ಆಗ 3.07 ಆಗುತ್ತದೆ. ಬಂದದ್ದು ಲೇಖಕರ ವರಮಾನ, ದಾನ ಆಮೇಲಿನ ಮಾತು. ದಾನಕ್ಕೆ ತೆರಿಗೆ ವಿನಾಯಿತಿ ಎಷ್ಟು, ಮಿತಿ ಎಷ್ಟು ಎಂಬುದು ಅವರವರ ದೇಶದ ಕಾನೂನು. ‘ರಾಯಲ್ಟಿ ಪೂರ್ತಿ’ ಎಂದು ಮಾತು ಕೊಟ್ಟವರು ತೆರಿಗೆ ತಮ್ಮ ಕಿಸೆಯಿಂದ ಕಟ್ಟಬೇಕಾದ ಸಂದರ್ಭವೂ ಬರುತ್ತದೆ. ‘ತೆರಿಗೆ ಕಳೆದು ಬಂದ ರಾಯಲ್ಟಿ’ ಎಂದು ಬರೆಯುವುದರಲ್ಲಿ ನಾಚಿಕೆ ಏನೂ ಇಲ್ಲ.

ಈ 60 ದಿನ ಶೆಲ್ಟರ್‌ನ ಕೆಲಸಕ್ಕೆ ಹೊಂದುವುದಿಲ್ಲ. ಪಾರ್ವೊ ಎಂಬ ಮಾರಕ ವೈರಾಣು ರೋಗ ತಗುಲಿದ ಮರಿಯ ಹಣೆಬರಹ ತೀರ್ಮಾನವಾಗುವುದು ನಾಲ್ಕೈದು ದಿನಗಳಲ್ಲಿ. ಆದ್ದರಿಂದ ಪುಸ್ತಕದ ಹಣವನ್ನು ತುರ್ತು ಚಿಕಿತ್ಸೆಗೆ ಕಟ್ಟಿಹಾಕಬಾರದು, ಮೊದಲೇ ಗೊತ್ತಿರುವ ಖರ್ಚಿಗೆ ಜೋಡಿಸಬೇಕು. ಅದು ಯಾವುದು ಎಂಬಲ್ಲೇ ಹೆಚ್ಚಿನ ಪುಸ್ತಕಗಳು ದಾರಿ ತಪ್ಪುತ್ತವೆ.

ಹಣ ಯಾವುದಕ್ಕೆ?

ಕಾಲು ಮುರಿದ ನಾಯಿಯ ಶಸ್ತ್ರಚಿಕಿತ್ಸೆ ಪುಸ್ತಕ ಮಾರಿಸುತ್ತದೆ, ಬಾಗಿಲಲ್ಲೇ ಕೊಡುವ ಲಸಿಕೆ ನಾಯಿಗಳನ್ನು ಉಳಿಸುತ್ತದೆ. ಲೇಖಕರು ಇದನ್ನು ಒಪ್ಪಿಕೊಂಡರೆ ಅರ್ಧ ಕೆಲಸ ಆದಂತೆ.

ಪಾರ್ವೊ ವೈರಾಣು ಮಲದ ಮೂಲಕ ಹರಡುತ್ತದೆ. ನೆರಳಿರುವ ಒದ್ದೆ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಹೆಚ್ಚು ಬದುಕಿರುತ್ತದೆ. ಸೋಂಕು ತಗುಲಿ ಲಕ್ಷಣ ಕಾಣಲು ಸಾಮಾನ್ಯವಾಗಿ 3ರಿಂದ 7 ದಿನ, ಕೆಲವೊಮ್ಮೆ 14 ದಿನದವರೆಗೂ ಬೇಕು. ಅಷ್ಟರಲ್ಲಿ ಮರಿ ಪಕ್ಕದ ಗೂಡುಗಳಿಗೆಲ್ಲ ಹಂಚಿರುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಬಹುತೇಕ ಮರಿಗಳು ಸಾಯುತ್ತವೆ. ರಕ್ತನಾಳಕ್ಕೆ ದ್ರವ ಕೊಟ್ಟು, ವಾಂತಿ ತಡೆದು ನೋಡಿಕೊಂಡರೆ ಹೆಚ್ಚಿನವು ಉಳಿಯುತ್ತವೆ, ಆದರೆ ಒಂದೊಂದಕ್ಕೂ ದಿನಗಟ್ಟಲೆ ಆಸ್ಪತ್ರೆ. ಇದರ ಮುಂದೆ ಲಸಿಕೆಯ ಖರ್ಚು ತೀರ ಸಣ್ಣದು. ನಾಯಿ ಒಳಗೆ ಕಾಲಿಟ್ಟ ಕ್ಷಣದಲ್ಲೇ ಪಾರ್ವೊ, ಡಿಸ್ಟೆಂಪರ್, ಅಡಿನೊವೈರಸ್ ಸೇರಿದ ಸಂಯುಕ್ತ ಲಸಿಕೆ ಕೊಡಬೇಕು. ನಾಳೆ ಪಶುವೈದ್ಯರು ಬಂದಾಗ ಎಂದು ಕಾಯುವಂತಿಲ್ಲ. ಶೆಲ್ಟರ್‌ನಲ್ಲಿರುವ ಮರಿಗಳಿಗೆ ನಾಲ್ಕರಿಂದ ಆರು ವಾರದ ವಯಸ್ಸಿನಲ್ಲಿ ಶುರು ಮಾಡಿ, ಎರಡು ಮೂರು ವಾರಕ್ಕೊಮ್ಮೆ, 18ರಿಂದ 20 ವಾರ ತುಂಬುವವರೆಗೆ ಮುಂದುವರಿಸಬೇಕು. ತಾಯಿಯಿಂದ ಬಂದ ಪ್ರತಿಕಾಯಗಳು ಲಸಿಕೆಯನ್ನು ನಿಷ್ಫಲ ಮಾಡುತ್ತವೆ, ಅವು ಯಾವ ವಾರ ಕರಗುತ್ತವೆ ಎಂಬುದು ಮರಿಯಿಂದ ಮರಿಗೆ ಬೇರೆ. ಅದಕ್ಕೇ ಇಷ್ಟು ಸಲ. ಒಂದು ಡೋಸ್ ಲೆಕ್ಕ ಹಾಕಿ ‘ಒಂದು ಪುಸ್ತಕ, ಒಂದು ಮರಿ ಸುರಕ್ಷಿತ’ ಎಂದು ಬರೆಯುವ ಜಾಹೀರಾತು ಇಲ್ಲೇ ಸುಳ್ಳಾಗುವುದು.

ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ಹೆಪ್ಪುಗಟ್ಟಬಾರದು, ಪುಡಿಗೆ ದ್ರಾವಣ ಬೆರೆಸಿದ ಮೇಲೆ ಒಂದು ಗಂಟೆಯೊಳಗೆ ಬಳಸಬೇಕು. ಊಟದ ಡಬ್ಬಿಗಳ ಜೊತೆ ಸಿಬ್ಬಂದಿಯ ಫ್ರಿಜ್‌ನಲ್ಲಿಟ್ಟು, ದಿನಕ್ಕೆ ಮೂವತ್ತು ಸಲ ಬಾಗಿಲು ತೆರೆದರೆ ಲಸಿಕೆ ಕೆಟ್ಟಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಲಸಿಕೆಗೆಂದೇ ಒಂದು ಫ್ರಿಜ್, ಕನಿಷ್ಠ-ಗರಿಷ್ಠ ತಾಪಮಾನ ದಾಖಲಿಸುವ ಥರ್ಮಾಮೀಟರ್: ಪುಸ್ತಕದ ಮೊದಲ ಕಂತಿನ ಹಣಕ್ಕೆ ಇದಕ್ಕಿಂತ ಒಳ್ಳೆಯ ಬಳಕೆ ನಮಗೆ ತಿಳಿದಿಲ್ಲ. ಫ್ರಿಜ್‌ನ ಚಿತ್ರ ಮುಖಪುಟಕ್ಕೆ ಒಗ್ಗುವುದಿಲ್ಲ ಎಂಬುದು ನಿಜ.

ಹೃದಯಹುಳುವಿನ ಚಿಕಿತ್ಸೆ ಪುಸ್ತಕದ ಹಣಕ್ಕೆ ಚೆನ್ನಾಗಿ ಹೊಂದುವ ಇನ್ನೊಂದು ಖರ್ಚು. ಅದರ ವೇಳಾಪಟ್ಟಿ ಮೊದಲೇ ಗೊತ್ತಿರುತ್ತದೆ. ಸೊಳ್ಳೆಯಿಂದ ಬರುವ ಈ ಹುಳುವಿಗೆ ಅಮೆರಿಕದ ಹಾರ್ಟ್‌ವರ್ಮ್ ಸೊಸೈಟಿ ಸೂಚಿಸುವ ಕ್ರಮದಲ್ಲಿ ಮೊದಲು 28 ದಿನ ಡಾಕ್ಸಿಸೈಕ್ಲಿನ್ ಎಂಬ ಪ್ರತಿಜೀವಕ, ಬಳಿಕ ಒಂದು ತಿಂಗಳ ಬಿಡುವು, ಆಮೇಲೆ ಸುಮಾರು 60, 90 ಮತ್ತು 91ನೇ ದಿನ ಹುಳು ಕೊಲ್ಲುವ ಮೆಲಾರ್ಸೊಮಿನ್ ಚುಚ್ಚುಮದ್ದು. ರೋಗ ಪತ್ತೆಯಾದ ದಿನಕ್ಕೂ ಮೊದಲ ಚುಚ್ಚುಮದ್ದಿಗೂ ಎರಡು ತಿಂಗಳ ಅಂತರ. ರಾಯಲ್ಟಿ ಬರಲು ಬೇಕಾದಷ್ಟೇ ಸಮಯ. ಸತ್ತ ಹುಳುಗಳ ತುಣುಕು ಶ್ವಾಸಕೋಶದ ರಕ್ತನಾಳಕ್ಕೆ ಸಿಕ್ಕಿಕೊಳ್ಳುವ ಅಪಾಯ ಇರುವುದರಿಂದ, ಪತ್ತೆಯಾದಂದಿನಿಂದ ಕೊನೆಯ ಚುಚ್ಚುಮದ್ದಿನ ನಂತರ ಆರರಿಂದ ಎಂಟು ವಾರದವರೆಗೂ ನಾಯಿ ಓಡಬಾರದು, ಜಿಗಿಯಬಾರದು. ಗದ್ದಲದ ಕೆನೆಲ್‌ನಲ್ಲಿ ಇದು ಆಗದ ಮಾತು. ಹಾಗಾಗಿ ಔಷಧದ ಬಿಲ್ ಒಂದೇ ಸಾಲದು, ನಾಯಿಯನ್ನು ತಾತ್ಕಾಲಿಕವಾಗಿ ಸಾಕುವ, ಗದ್ದಲವಿಲ್ಲದ ಫಾಸ್ಟರ್ ಮನೆಯೂ, ದೊಡ್ಡ ಕ್ರೇಟೂ ಲೆಕ್ಕದಲ್ಲಿ ಬರಬೇಕು.

ಮೈಕ್ರೋಚಿಪ್‌ಗೆ ಹಣ ಕೊಡುವವರು ಒಂದು ಮಾತು ಕೇಳಿ: ನೋಂದಣಿಯೂ ಸೇರಿದೆಯೇ? 15 ಅಂಕಿಯ ಸಂಖ್ಯೆ ಚರ್ಮದಡಿ ಕೂತಿದ್ದು, ಅದರೆದುರು ಯಾರ ಹೆಸರೂ ದಾಖಲಾಗಿಲ್ಲದಿದ್ದರೆ ಸ್ಕ್ಯಾನರ್ ಸದ್ದು ಮಾಡುತ್ತದೆ ಅಷ್ಟೆ, ನಾಯಿ ಮನೆ ಸೇರುವುದಿಲ್ಲ.

ಶೆಲ್ಟರ್ ಆರಿಸುವಾಗ ಬದುಕಿ ಹೊರಹೋದ ನಾಯಿಗಳ ಪ್ರಮಾಣ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಶೇ. 90ರ ಗುರಿ ಅಮೆರಿಕದಲ್ಲಿ ರೂಢಿಯ ಮಾತಾಗಿದೆ. ಆದರೆ ಕಷ್ಟದ ನಾಯಿಗಳನ್ನು ಒಳಗೇ ಬಿಟ್ಟುಕೊಳ್ಳದ ಸಂಸ್ಥೆಗೆ ಆ ಅಂಕಿ ಸುಲಭ, ಬಂದ ನಾಯಿಯನ್ನೆಲ್ಲ ತೆಗೆದುಕೊಳ್ಳಬೇಕಾದ ಸರ್ಕಾರಿ ಶೆಲ್ಟರ್‌ಗೆ ಕಷ್ಟ. ಅದರ ಬದಲು ಇವನ್ನು ಕೇಳಿ: ಬಂದ ಎಷ್ಟು ಹೊತ್ತಿಗೆ ಲಸಿಕೆ? ಕಾಯಿಲೆ ನಾಯಿಗೆ ಬೇರೆ ಕೋಣೆ, ಬೇರೆ ಬಕೆಟ್ಟು ಇವೆಯೇ? ದತ್ತು ಹೋದ ನಾಯಿ ವಾಪಸು ಬಂದರೆ ತೆಗೆದುಕೊಳ್ಳುತ್ತೀರಾ? ಉತ್ತರ ತಡವರಿಸಿದರೆ ಬೇರೆ ಶೆಲ್ಟರ್ ನೋಡಿ.

ಮಾತು ಕೊಡುವ ಸಾಲು

‘ಲಾಭದ ಒಂದು ಭಾಗ ನಾಯಿಗಳಿಗೆ’ ಎಂಬುದು ಏನನ್ನೂ ಹೇಳದ ಸಾಲು. ಯಾವ ಲಾಭ, ಎಷ್ಟು ಭಾಗ? ಮುಖಪುಟ ವಿನ್ಯಾಸ, ಸಂಪಾದನೆ, ಜಾಹೀರಾತು ಎಲ್ಲ ಕಳೆದರೆ ಬಹಳ ಪುಸ್ತಕಗಳಲ್ಲಿ ಲಾಭವೇ ಇರುವುದಿಲ್ಲ. ಅಮೆರಿಕದ ಬೆಟರ್ ಬಿಸಿನೆಸ್ ಬ್ಯೂರೋದ ದಾನ ಮಾನದಂಡಗಳಲ್ಲಿ 19ನೆಯದು ಕೇಳುವುದು ಇದನ್ನೇ: ಬೆಲೆಯಲ್ಲಿ ಎಷ್ಟು ಭಾಗ ಸಂಸ್ಥೆಗೆ, ಎಂದಿನಿಂದ ಎಂದಿನವರೆಗೆ, ಗರಿಷ್ಠ ಅಥವಾ ಖಾತರಿಯ ಕನಿಷ್ಠ ಮೊತ್ತ ಇದ್ದರೆ ಎಷ್ಟು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1992ರ ಚಾರಿಟೀಸ್ ಕಾಯ್ದೆಯಡಿ, ಸಂಸ್ಥೆಯ ಹೆಸರು ಹೇಳಿ ಮಾರುವ ವ್ಯಾಪಾರಿ ಆ ಸಂಸ್ಥೆಯೊಂದಿಗೆ ಲಿಖಿತ ಒಪ್ಪಂದ ಮಾಡಿಕೊಂಡಿರಬೇಕು. ಶೆಲ್ಟರ್‌ನ ಹೆಸರು, ಲಾಂಛನ ಬಳಸುವ ಮುನ್ನ ಒಪ್ಪಿಗೆಯ ಪತ್ರ ಎಲ್ಲಿದ್ದರೂ ಬೇಕು.

ನಮ್ಮ ಸಲಹೆ: ಶೇಕಡಾವಾರು ಬಿಟ್ಟು, ಪ್ರತಿಗೆ ಇಷ್ಟು ಎಂದು ಒಂದೇ ಮೊತ್ತ ಹೇಳಿ. ನಿಮ್ಮ ಮಾರಾಟದ ದಾರಿಗಳಲ್ಲಿ ಎಲ್ಲಕ್ಕಿಂತ ಕಡಿಮೆ ಉಳಿಸುವ ದಾರಿ ಯಾವುದೋ ನೋಡಿ, ಅದಕ್ಕಿಂತ ಸ್ವಲ್ಪ ಕೆಳಗೆ ಆ ಮೊತ್ತ ಇಡಿ. ಮಾದರಿ ಪುಸ್ತಕವನ್ನು ಕೆಡಿಪಿಯ ದಾರಿಗಳಲ್ಲಷ್ಟೇ ಮಾರಿದರೆ ಅದು 1.80, ಆದ್ದರಿಂದ 1.50 ಎನ್ನಬಹುದು. ತೆರಿಗೆ ಕಡಿತ ಶೇ. 30 ಇರುವವರಾದರೆ 1.25. ನೇರ ಮಾರಾಟದಲ್ಲಿ ಹೆಚ್ಚು ಬಂದರೆ ಹೆಚ್ಚು ಕೊಡಿ, ಯಾರೂ ಬೇಡ ಅನ್ನುವುದಿಲ್ಲ. ‘ಪ್ರತಿ ಮುದ್ರಿತ ಪುಸ್ತಕಕ್ಕೆ 1.50 ಡಾಲರ್, ಈ ವರ್ಷದ ಡಿಸೆಂಬರ್ 31ರವರೆಗೆ, ಇಂಥ ಶೆಲ್ಟರ್‌ನ ಲಸಿಕೆ ನಿಧಿಗೆ’ ಎಂಬ ಸಾಲು ನೋಡಲು ಬಡವಾಗಿದೆ, ಆದರೆ ಓದುಗರು ಲೆಕ್ಕ ಕೇಳಬಹುದಾದ ಸಾಲು. ಕಥೆಯ ಕೊನೆಯಲ್ಲಿ ನಾಯಿ ಬದುಕುತ್ತದೆಯೇ ಎಂದು ಕೊಳ್ಳುವ ಮುಂಚೆಯೇ ಕೇಳುವ ಓದುಗರು ಇವರು. ಲೆಕ್ಕವನ್ನೂ ಅಷ್ಟೇ ಶ್ರದ್ಧೆಯಿಂದ ಕೇಳುತ್ತಾರೆ. ಮೂರು ತಿಂಗಳಿಗೊಮ್ಮೆ ಮಾರಾಟವಾದ ಪ್ರತಿ, ಕೊಟ್ಟ ಮೊತ್ತ, ಶೆಲ್ಟರ್‌ನ ರಸೀದಿ, ಈ ಮೂರನ್ನು ಪ್ರಕಟಿಸಿದರೆ ಸಾಕು.

ಕೊಳ್ಳುವವರಿಗೆ ಒಂದೆರಡು ಮಾತು. ಅಮೆಜಾನ್ ಪುಟದಲ್ಲಿ ‘ಬಳಸಿದ ಪ್ರತಿ’ ಆರಿಸಿದರೆ ರಾಯಲ್ಟಿ ಸೊನ್ನೆ, ನಾಯಿಗೂ ಸೊನ್ನೆ. ಲೇಖಕರೇ ಮಾರುತ್ತಿದ್ದರೆ ಅಥವಾ ಶೆಲ್ಟರ್‌ನಲ್ಲೇ ಸಿಗುತ್ತಿದ್ದರೆ ಅಲ್ಲಿ ಕೊಳ್ಳಿ. ಪುಸ್ತಕ ಬೇಡ, ನಾಯಿಗೆ ಸಹಾಯವಾದರೆ ಸಾಕು ಅನ್ನುವವರು 12.99 ಡಾಲರನ್ನು ಶೆಲ್ಟರ್‌ಗೆ ನೇರವಾಗಿ ಕೊಡುವುದೇ ಮೇಲು.

ಅವಧಿ ಮುಗಿದ ಮೇಲೆ ಲೇಖಕರು ಮಾಡಬೇಕಾದ ಕೆಲಸ ಒಂದಿದೆ, ಅದನ್ನು ಹೆಚ್ಚಿನವರು ಮಾಡುವುದಿಲ್ಲ. ಬೇಡಿಕೆಗೆ ತಕ್ಕಂತೆ ಮುದ್ರಿಸುವ ಪುಸ್ತಕ ಹಳೆಯ ಬೆನ್ನುಪುಟದೊಂದಿಗೇ ವರ್ಷಗಟ್ಟಲೆ ಅಚ್ಚಾಗುತ್ತ ಇರುತ್ತದೆ. ಆ ಸಾಲು ಇರುವವರೆಗೆ ಮಾತೂ ಇರುತ್ತದೆ. ಹೊಸ ಮುಖಪುಟದ ಫೈಲ್ ಏರಿಸಿದರೆ ಕೆಡಿಪಿ ಅದನ್ನು ಪರಿಶೀಲಿಸಿ ಬದಲಿಸುವ ಕೆಲಸವನ್ನು ಸಾಮಾನ್ಯವಾಗಿ 72 ಗಂಟೆಯೊಳಗೆ ಮುಗಿಸುತ್ತದೆ. ಇನ್‌ಗ್ರಾಮ್‌ಸ್ಪಾರ್ಕ್‌ನಲ್ಲಿ ತಿದ್ದುಪಡಿಗೆ ಶುಲ್ಕ ಬೀಳಬಹುದು. ಅವಧಿಯ ಕೊನೆಯ ದಿನಕ್ಕೆ ಒಂದು ವಾರ ಮುಂಚೆ ಏರಿಸಿ, ಪುಸ್ತಕದ ವಿವರಣೆಯಲ್ಲೂ ಆ ಸಾಲನ್ನು ತೆಗೆಯಿರಿ. ಅಷ್ಟರಲ್ಲಿ ಅಚ್ಚಾಗಿ ಹೋದ ಪ್ರತಿಗಳಿಗೆ ಹೇಳಿದ ಮೊತ್ತವನ್ನು ಸೇರಿಸಿಯೇ ಕೊನೆಯ ಕಂತು ಕಟ್ಟಿ.